ಮನೆಯಲ್ಲೇ ಸಂಗೀತ ಮಾಡುವವರಿಗೆ ಮಿಡಿ ಕೀಬೋರ್ಡ್: ಕೊಳ್ಳುವ ಮುಂಚೆ ಒಂದೊಂದೇ ಹೆಜ್ಜೆ

ಮಿಡಿ ಕೀಬೋರ್ಡ್‌ಗೆ ಸ್ವಂತ ದನಿ ಇಲ್ಲ. ಇದೊಂದು ಮಾತು ಮೊದಲೇ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನೀವು ಕೀ ಒತ್ತಿದಾಗ ಕೇಬಲ್‌ನಲ್ಲಿ ಸದ್ದು ಹೋಗುವುದಿಲ್ಲ. ಹೋಗುವುದು ಬರೀ ಒಂದು ಚಿಕ್ಕ ಸುದ್ದಿ: ಇಂಥ ನಂಬರಿನ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಕೈ ಬಿಟ್ಟರು. ಈ ಸುದ್ದಿಯ ಭಾಷೆಗೇ ಮಿಡಿ ಅನ್ನುವುದು. ಕೀಗಳಿಗೆ 0ಯಿಂದ 127ರವರೆಗೆ ನಂಬರು. ಎಷ್ಟು ಜೋರು ಅನ್ನುವುದಕ್ಕೂ 127ರವರೆಗೇ ನಂಬರು. ಆ ಸುದ್ದಿಯನ್ನು ಓದಿಕೊಂಡು ಪಿಯಾನೋ ಆಗಿಯೋ ಕೊಳಲಾಗಿಯೋ ಡ್ರಮ್ಸ್ ಆಗಿಯೋ ನುಡಿಸುವುದು ನಿಮ್ಮ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್.

ಹಾಗಾಗಿ ದುಬಾರಿ ಕೀಬೋರ್ಡ್ ತಂದರೆ ದನಿ ಚೆನ್ನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಅದೇ ಸಾಫ್ಟ್‌ವೇರ್ ಇದ್ದರೆ ಅದೇ ದನಿ. ಬದಲಾಗುವುದು ನಿಮ್ಮ ಬೆರಳಿಗೆ ಸಿಗುವ ಹಿಡಿತ. ಮೆಲ್ಲಗೆ ಒತ್ತಿದ್ದು ಮೆಲ್ಲಗೇ ಕೇಳಿಸುತ್ತದಾ, ಒಂದೇ ಸ್ವರವನ್ನು ಪಟಪಟನೆ ಹೊಡೆದರೆ ಎಲ್ಲವೂ ಬರುತ್ತವಾ, ಅರ್ಧ ಗಂಟೆ ನುಡಿಸಿದರೆ ಕೈ ನೋಯುತ್ತದಾ, ಇವೇ ಕೀಬೋರ್ಡಿನ ಕೆಲಸ. ನೀವು ಕೊಳ್ಳುತ್ತಿರುವುದು ಈ ಸ್ಪರ್ಶವನ್ನು. ಗುಂಡಿ, ದೀಪ, ಪರದೆ ಎಲ್ಲ ಆಮೇಲೆ.

ಇನ್ನೊಂದು ಮಾತು, ಹಣ ಉಳಿಸುವಂಥದ್ದು. ಮನೆಯಲ್ಲಿ ಹಳೆಯ ಡಿಜಿಟಲ್ ಪಿಯಾನೋನೋ, ಸ್ಪೀಕರ್ ಇರುವ ಮಾಮೂಲಿ ಕೀಬೋರ್ಡೋ ಇದ್ದರೆ ಅದರ ಹಿಂಬದಿ ನೋಡಿ. ಯುಎಸ್‌ಬಿ ಪ್ರಿಂಟರಿಗೆ ಹಾಕುವಂಥ ಚೌಕದ ಕಿಂಡಿಯೋ, ದುಂಡಗೆ ಐದು ತೂತಿರುವ ‘ಮಿಡಿ ಔಟ್’ ಕಿಂಡಿಯೋ ಇದ್ದರೆ ಅದೇ ನಿಮ್ಮ ಮಿಡಿ ಕೀಬೋರ್ಡ್ ಆಗಬಹುದು. ಮಿಡಿ ಬಂದದ್ದು 1983ರಲ್ಲಿ. ಅವತ್ತಿನ ಭಾಷೆಯೇ ಇವತ್ತೂ ನಡೆಯುತ್ತಿದೆ, ಆದ್ದರಿಂದ ಹಳೆಯದು ಅಂತ ಹೆದರಬೇಕಾಗಿಲ್ಲ. ಒಂದು ತಿಂಗಳು ಅದರಲ್ಲೇ ಕೆಲಸ ಮಾಡಿ ನೋಡಿ. ನಿಮಗೆ ಏನು ಸಾಲುತ್ತಿಲ್ಲ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಟೇಪ್ ಹಿಡಿದು ಮೇಜು ಅಳೆಯಿರಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ಕೀಬೋರ್ಡ್ 61 ಕೀಯದು. ಆಸೆಯಿಂದ ತಂದೆ, ಮೇಜು ಅಳೆಯಲಿಲ್ಲ. ಮಾನಿಟರ್ ಮುಂದೆ ಇಟ್ಟರೆ ಟೈಪ್ ಮಾಡುವ ಕೀಬೋರ್ಡಿಗೆ ಜಾಗವಿಲ್ಲ, ಪಕ್ಕಕ್ಕಿಟ್ಟರೆ ಮೈ ತಿರುಗಿಸಿ ಕೂರಬೇಕು, ಕೊನೆಗೆ ಅದು ಗೋಡೆಗೆ ಒರಗಿ ನಿಂತುಬಿಟ್ಟಿತು. ಮನಸ್ಸಿಗೊಂದು ರಾಗ ಬಂದಾಗ ಅದನ್ನು ಎತ್ತಿ ತಂದು, ಕೇಬಲ್ ಹುಡುಕಿ, ಮೇಜು ಖಾಲಿ ಮಾಡುವಷ್ಟರಲ್ಲಿ ರಾಗವೇ ಮರೆತುಹೋಗುತ್ತಿತ್ತು. ಅಷ್ಟು ಒಳ್ಳೆಯ ಕೀಬೋರ್ಡ್ ಧೂಳು ಹಿಡಿಯಿತು ಅಂತ ನನಗೆ ಇವತ್ತಿಗೂ ಬೇಸರ. ಯಾವಾಗಲೂ ಮೇಜಿನ ಮೇಲೇ, ಕೇಬಲ್ ಸಿಕ್ಕಿಸಿಕೊಂಡೇ ಇರುವ 25 ಕೀಯದು, ಕಪಾಟಿನಲ್ಲಿರುವ 88 ಕೀಯದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಲೆಕ್ಕ ಸುಲಭ. ಪೂರ್ತಿ ಅಳತೆಯ ಒಂದು ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ. 25 ಕೀಯದರಲ್ಲಿ 15 ಬಿಳಿ ಕೀ, ಅಂದರೆ ಕೀಗಳಿಗೇ ಸುಮಾರು 35 ಸೆಂಟಿಮೀಟರ್. 49ರಲ್ಲಿ 29 ಬಿಳಿ, ಸುಮಾರು 68 ಸೆಂಟಿಮೀಟರ್. 61ರಲ್ಲಿ 36 ಬಿಳಿ, ಸುಮಾರು 85. 88ರಲ್ಲಿ 52 ಬಿಳಿ, ಸುಮಾರು 122. ಇದಕ್ಕೆ ಎರಡೂ ಬದಿಯ ಅಂಚು ಸೇರಿಸಿ. ಸ್ವರ ಜಾರಿಸಲು ಬಳಸುವ ಚಕ್ರಗಳು (ಇವುಗಳ ಮಾತು ಐದನೇ ಹೆಜ್ಜೆಯಲ್ಲಿದೆ) ಕೀಗಳ ಎಡಗಡೆಗೆ ಇದ್ದರೆ ಇನ್ನೂ 10–15 ಸೆಂಟಿಮೀಟರ್ ಹೋಗುತ್ತದೆ. ಕೆಲವು ಕಂಪನಿಯವರು ಚಕ್ರಗಳನ್ನು ಕೀಗಳ ಮೇಲ್ಗಡೆಗೆ ಇಟ್ಟು ಉದ್ದ ಕಡಿಮೆ ಮಾಡಿರುತ್ತಾರೆ, ಆದರೆ ಆಗ ಅಗಲ ಜಾಸ್ತಿಯಾಗುತ್ತದೆ.

ಎತ್ತರವನ್ನೂ ನೋಡಿ. ನುಡಿಸುವಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಇಲ್ಲವೇ ಸ್ವಲ್ಪ ಮೇಲಿರಬೇಕು. ಬರೆಯುವ ಮೇಜಿನ ಮೇಲೆ ದಪ್ಪನೆಯ ಕೀಬೋರ್ಡ್ ಇಟ್ಟರೆ ಕೈ ಎತ್ತಿ ನುಡಿಸಬೇಕಾಗುತ್ತದೆ, ಭುಜ ನೋಯುತ್ತದೆ. ಮೇಜಿನ ಕೆಳಗೆ ಎಳೆಯುವ ಹಲಗೆ ಇದ್ದರೆ ಒಳ್ಳೆಯದು, ಆದರೆ ಕೀಬೋರ್ಡಿನ ದಪ್ಪಕ್ಕೆ ಅಲ್ಲಿ ಸಂದು ಸಾಲುತ್ತದಾ, ಗುಂಡಿಗಳು ಮೇಲಿನ ಹಲಗೆಗೆ ತಾಗುತ್ತವಾ ಅಂತ ಅಳೆದೇ ನೋಡಬೇಕು. ರಟ್ಟನ್ನು ಆ ಅಳತೆಗೆ ಕತ್ತರಿಸಿ ಮೇಜಿನ ಮೇಲೆ ಎರಡು ದಿನ ಇಟ್ಟುಕೊಳ್ಳಿ. ಅಡ್ಡ ಅನ್ನಿಸಿದರೆ ಕೀಬೋರ್ಡೂ ಅಡ್ಡವೇ ಆಗುತ್ತದೆ.

ಎರಡನೇ ಹೆಜ್ಜೆ: ಎಷ್ಟು ಕೀ ಬೇಕು?

ನಿಮ್ಮ ಎರಡು ಕೈಗಳು ಒಟ್ಟಿಗೆ ಏನು ಮಾಡುತ್ತವೆ ಅನ್ನುವುದರ ಮೇಲೆ ಇದು ನಿಂತಿದೆ. ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, 12 ಕೀ. 25 ಅಂದರೆ ಎರಡು ಸ್ಥಾಯಿ, 37 ಅಂದರೆ ಮೂರು, 49 ನಾಲ್ಕು, 61 ಐದು. 88 ಅಂದರೆ ಪೂರ್ತಿ ಪಿಯಾನೋ.

ಒಂದು ಕೈಯಲ್ಲಿ ಬೇಸ್ ಸಾಲೋ, ಚಿಕ್ಕ ರಾಗವೋ, ಡ್ರಮ್ಸೋ ಹಾಕಿ, ಉಳಿದದ್ದನ್ನು ಮೌಸ್‌ನಲ್ಲಿ ಸರಿಪಡಿಸುವವರಿಗೆ 25 ಸಾಕು. ಆಕ್ಟೇವ್ ಗುಂಡಿ ಒತ್ತಿದರೆ ಅದೇ 25 ಕೀ ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಹಲವು ಸ್ವರಗಳು), ಬಲಗೈಯಲ್ಲಿ ರಾಗ ನುಡಿಸುವವರಿಗೆ 25ರಲ್ಲಿ ಕೈಗಳು ಡಿಕ್ಕಿ ಹೊಡೆಯುತ್ತವೆ, 49 ಬೇಕೇ ಬೇಕು. ಪಿಯಾನೋ ಪಾಠ ಕಲಿತವರು, ಇಲ್ಲವೇ ಕಲಿಯಬೇಕೆಂದಿರುವವರು 61ಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಆರ್ಕೆಸ್ಟ್ರಾ ದನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮುಖ್ಯ ವಿಷಯ. ಪಿಟೀಲು, ಚೆಲ್ಲೋಗಳಂಥ ಒಳ್ಳೆಯ ಸಾಫ್ಟ್‌ವೇರ್ ವಾದ್ಯಗಳಲ್ಲಿ ಕೆಳಗಿನ ಕೆಲವು ಕೀಗಳಿಗೆ ಸ್ವರ ಇರುವುದಿಲ್ಲ. ಅವನ್ನು ಒತ್ತಿದರೆ ನುಡಿಸುವ ರೀತಿ ಬದಲಾಗುತ್ತದೆ: ಕಮಾನು ಎಳೆದು ನುಡಿಸುವುದು, ಬೆರಳಲ್ಲಿ ಮೀಟುವುದು, ತುಂಡು ತುಂಡಾಗಿ ನುಡಿಸುವುದು ಹೀಗೆ. ಇವನ್ನು ಕೀ-ಸ್ವಿಚ್ ಅನ್ನುತ್ತಾರೆ. 25 ಕೀಯದರಲ್ಲಿ ಇವು ಕೈಗೆ ಸಿಗುವುದೇ ಇಲ್ಲ, ಪ್ರತಿ ಸಲ ಆಕ್ಟೇವ್ ಗುಂಡಿ ಒತ್ತಿ ಕೆಳಗಿಳಿದು ಮತ್ತೆ ಮೇಲೆ ಬರಬೇಕು. ನೇರವಾಗಿ ನುಡಿಸುತ್ತಾ ರೆಕಾರ್ಡ್ ಮಾಡುವಾಗ ಅದು ಆಗದ ಮಾತು. ಈ ಕೆಲಸಕ್ಕೆ 61 ಇಲ್ಲವೇ 88 ನೋಡಿ.

ಇನ್ನು ಮಿನಿ ಕೀ. ಚಿಕ್ಕ ಕೀಬೋರ್ಡುಗಳಲ್ಲಿ ಬಹಳಷ್ಟಕ್ಕೆ ಕೀಗಳೂ ಚಿಕ್ಕವು: ಕಿರಿದು, ಉದ್ದವೂ ಕಡಿಮೆ. ಅಕಾಯ್ ಎಂಪಿಕೆ ಮಿನಿ, ಆರ್ಟೂರಿಯಾ ಮಿನಿಲ್ಯಾಬ್, ನೊವೇಶನ್ ಲಾಂಚ್‌ಕೀ ಮಿನಿ ಎಲ್ಲ ಈ ಜಾತಿ. ಬ್ಯಾಗಿನಲ್ಲಿ ಹಿಡಿಯುತ್ತವೆ, ಲ್ಯಾಪ್‌ಟಾಪ್ ಮುಂದೆ ಕೂರುತ್ತವೆ. ರಾಗ ಹಾಕಲು, ಬೀಟ್ ಮಾಡಲು ಚೆನ್ನ. ಆದರೆ ಬೆರಳಿಗೆ ಅಂತರದ ಅಭ್ಯಾಸವಾಗುತ್ತದಲ್ಲ, ಅದು ಮಿನಿ ಕೀಯಿಂದ ದೊಡ್ಡ ಕೀಗೆ ಹೋದಾಗ ತಪ್ಪುತ್ತದೆ. ಕೀಬೋರ್ಡ್ ನುಡಿಸುವುದನ್ನೇ ಕಲಿಯುವ ಮನಸ್ಸಿದ್ದರೆ 49 ಪೂರ್ತಿ ಅಳತೆಯ ಕೀಯದು ತಗೊಳ್ಳಿ, ಅದರಲ್ಲಿ ಗುಂಡಿಗಳು ಕಡಿಮೆ ಇದ್ದರೂ ಪರವಾಗಿಲ್ಲ.

ಮೂರನೇ ಹೆಜ್ಜೆ: ಕೀ ಮುಟ್ಟಿ ನೋಡುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಜನ ಅವಸರ ಮಾಡುವುದೂ ಇಲ್ಲೇ, ಆಮೇಲೆ ಬೇಸರಪಡುವುದೂ ಇದಕ್ಕೇ.

ಕೀ ಇಳಿದು ಏಳುವ ರೀತಿಗೆ ಆಕ್ಷನ್ ಅನ್ನುತ್ತಾರೆ. ಅದರ ಪ್ರಕಾರ ಮುಖ್ಯವಾಗಿ ಮೂರು ಬಗೆಯ ಕೀಗಳಿವೆ. ಒಂದು, ಸಿಂಥ್ ಆಕ್ಷನ್ (ಸಿಂಥ್ ಅಂದರೆ ಸಿಂಥಸೈಜರ್, ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ವಾದ್ಯ). ಹಗುರ, ಕೆಳಗೆ ಸ್ಪ್ರಿಂಗ್, ಒತ್ತಿದರೆ ತಟ್ಟನೆ ಇಳಿದು ತಟ್ಟನೆ ಮೇಲೇಳುತ್ತದೆ. ವೇಗದ ರಾಗ, ಆರ್ಗನ್, ಸಿಂಥ್, ಬೆರಳಲ್ಲಿ ಡ್ರಮ್ಸ್ ಬಾರಿಸುವುದು, ಇವಕ್ಕೆಲ್ಲ ಇದು ಸರಿ. ಎರಡು, ಸೆಮಿ ವೆಯ್ಟೆಡ್. ಸ್ಪ್ರಿಂಗ್ ಇದ್ದರೂ ಕೀಗೆ ಸ್ವಲ್ಪ ಭಾರ ಸೇರಿಸಿರುತ್ತಾರೆ, ಬೆರಳಿಗೆ ಒಂದು ಎದುರೊತ್ತು ಸಿಗುತ್ತದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಮೂರು, ಹ್ಯಾಮರ್ ಆಕ್ಷನ್. ಒಳಗೆ ನಿಜವಾಗಿ ಚಿಕ್ಕ ಸುತ್ತಿಗೆಯಂಥ ಭಾರ ಏಳುತ್ತದೆ, ಪಿಯಾನೋದ ಹಾಗೆ. ಇದು ಬಹುತೇಕ 88 ಕೀಯ ಮಾದರಿಗಳಲ್ಲೇ ಸಿಗುವುದು, ಕೀಬೋರ್ಡೂ ಹತ್ತಕ್ಕಿಂತ ಜಾಸ್ತಿ ಕಿಲೋ ತೂಗುವುದು ಮಾಮೂಲು. ಪಿಯಾನೋ ನುಡಿಸುವವರಿಗೆ ಇದು ಬಿಟ್ಟರೆ ಬೇರೆ ಇಲ್ಲ. ಆದರೆ ಸಿಂಥ್‌ನಲ್ಲಿ ಓಡುವ ಸ್ವರಗಳನ್ನು ಇದರಲ್ಲಿ ನುಡಿಸಿದರೆ ಬೇಗ ಸುಸ್ತಾಗುತ್ತದೆ.

88 ಕೀ ಇದ್ದ ಮಾತ್ರಕ್ಕೆ ಹ್ಯಾಮರ್ ಇದೆ ಅಂದುಕೊಳ್ಳಬೇಡಿ. 88 ಕೀ ಇದ್ದೂ ಸೆಮಿ ವೆಯ್ಟೆಡ್ ಆಗಿರುವುದು ಎಷ್ಟೋ ಇವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಅಂಕಿಯನ್ನು ಬಿಟ್ಟು, ವಿವರದ ಪಟ್ಟಿಯಲ್ಲಿ ಆಕ್ಷನ್ ಏನು ಅಂತ ಹುಡುಕಿ ಓದಿ.

ಜೋರು ಅಂದೆನಲ್ಲ, ಅದನ್ನು ಕೀಬೋರ್ಡ್ ಹೇಗೆ ತಿಳಿಯುತ್ತದೆ ಗೊತ್ತಾ? ಪ್ರತಿ ಕೀಯ ಕೆಳಗೆ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ಸೇರುತ್ತದೆ, ಆಮೇಲೆ ಇನ್ನೊಂದು. ಎರಡರ ನಡುವೆ ಎಷ್ಟು ಹೊತ್ತಾಯಿತು ಅನ್ನುವುದನ್ನು ಅಳೆದು 1ರಿಂದ 127ರೊಳಗಿನ ಒಂದು ನಂಬರು ಕಳಿಸುತ್ತದೆ. ಅಂದರೆ ಅದು ಅಳೆಯುವುದು ಬಲವನ್ನಲ್ಲ, ವೇಗವನ್ನು. ಹೆಸರೇ ವೆಲಾಸಿಟಿ ಅಲ್ವಾ. ಇದು ಗೊತ್ತಿದ್ದರೆ ಎಷ್ಟೋ ದೂರುಗಳ ಮೂಲ ತಿಳಿಯುತ್ತದೆ. ತುಂಬ ಹಗುರವಾದ ಸ್ಪ್ರಿಂಗಿನ ಕೀಯನ್ನು ಮೆಲ್ಲಗೆ ಒತ್ತಬೇಕೆಂದರೂ ಅದು ಸರ್ರನೆ ಇಳಿದುಬಿಡುತ್ತದೆ, ಸಾಫ್ಟ್‌ವೇರಿಗೆ 90, 100 ಅಂತ ನಂಬರು ಹೋಗುತ್ತದೆ, ಪಿಯಾನೋ ಕಿರುಚಿದ ಹಾಗೆ ಕೇಳಿಸುತ್ತದೆ. ನೀವು ಸಾಫ್ಟ್‌ವೇರನ್ನು ಬೈಯುತ್ತೀರಿ. ತಪ್ಪು ಕೀಯದು.

ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಮುಟ್ಟುವ ಅವಕಾಶ ಸಿಕ್ಕರೆ ಹೀಗೆ ಮಾಡಿ. ಕಂಪ್ಯೂಟರ್ ಇಲ್ಲದಿದ್ದರೂ ಪರವಾಗಿಲ್ಲ, ಬೆರಳಿಗೆ ತಿಳಿಯುವುದೇ ಜಾಸ್ತಿ.

ಬಿಳಿ ಕೀಯನ್ನು ಮುಂದಿನ ತುದಿಯಲ್ಲಿ ಒತ್ತಿ, ಆಮೇಲೆ ಕರಿ ಕೀಗಳ ನಡುವೆ ಒಳಗಡೆ ಒತ್ತಿ. ಕಾರ್ಡ್ ಹಿಡಿಯುವಾಗ ಬೆರಳು ಒಳಗೇ ಹೋಗುವುದು. ಕೀ ಗಿಡ್ಡವಾಗಿದ್ದರೆ ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ವರ ಬರುವುದೇ ಕಷ್ಟ. ಕೀಯನ್ನು ಎಡಬಲಕ್ಕೆ ಅಲುಗಾಡಿಸಿ. ಸ್ವಲ್ಪ ಅಲುಗುವುದು ಸಹಜ, ಪಕ್ಕದ ಕೀಗೆ ತಾಗುವಷ್ಟು ಅಲುಗಬಾರದು. ಒಂದೇ ಕೀಯನ್ನು ಎರಡು ಬೆರಳಲ್ಲಿ ಬೇಗ ಬೇಗ ಬಾರಿಸಿ, ಅದು ಪೂರ್ತಿ ಮೇಲೆ ಬರುವ ಮೊದಲೇ ಮುಂದಿನ ಪೆಟ್ಟು ಬೀಳುವಂತೆ. ಕೊನೆಗೆ, ಕೀ ತಳಕ್ಕೆ ತಾಗುವ ಸದ್ದು ಕೇಳಿ. ಹೆಡ್‌ಫೋನ್ ಹಾಕಿಕೊಂಡ ನಿಮಗೆ ಇದು ಕೇಳಿಸುವುದಿಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ಮೇಜಿನ ಮೂಲಕ ಆ ಟಕಟಕ ಪಕ್ಕದ ಕೋಣೆಯವರಿಗೆ ಚೆನ್ನಾಗಿ ಕೇಳಿಸುತ್ತದೆ. ಪಕ್ಕದಲ್ಲೇ ಮೈಕ್ ಇಟ್ಟು ಹಾಡುತ್ತಾ ನುಡಿಸುವವರಿಗಂತೂ ಇದು ದೊಡ್ಡ ವಿಷಯ.

ಕಂಪ್ಯೂಟರ್ ಇದ್ದರೆ ಇನ್ನೊಂದು ಪರೀಕ್ಷೆ. ಒಂದೇ ಕೀಯನ್ನು ತೀರಾ ಮೆಲ್ಲಗಿನಿಂದ ಶುರುಮಾಡಿ ಜೋರಿನವರೆಗೆ ಮೂವತ್ತು ಸಲ ಒತ್ತಿ ರೆಕಾರ್ಡ್ ಮಾಡಿ. ಪಿಯಾನೋ ರೋಲ್‌ನಲ್ಲಿ, ಅಂದರೆ ನುಡಿಸಿದ ಸ್ವರಗಳನ್ನು ಸಾಫ್ಟ್‌ವೇರ್ ಗೆರೆಗಳಾಗಿ ತೋರಿಸುವ ಕಡೆ, ಕೆಳಗಡೆ ವೆಲಾಸಿಟಿ ಕಡ್ಡಿಗಳು ಕಾಣಿಸುತ್ತವೆ. ಅವು ಮೆಟ್ಟಿಲಿನ ಹಾಗೆ ಏರುತ್ತಾ ಹೋಗಿದ್ದರೆ ಒಳ್ಳೆಯ ಕೀ. 20ರಿಂದ ಒಮ್ಮೆಲೇ 80ಕ್ಕೆ ಹಾರಿದ್ದರೆ, ಇಲ್ಲವೇ ಅರ್ಧಕ್ಕರ್ಧ 127 ಆಗಿದ್ದರೆ ವೆಲಾಸಿಟಿ ಕರ್ವ್ ಬದಲಿಸಿ ಮತ್ತೆ ನೋಡಿ. ಯಾವ ವೇಗಕ್ಕೆ ಎಷ್ಟು ನಂಬರು ಕಳಿಸಬೇಕು ಅನ್ನುವ ಸೆಟ್ಟಿಂಗ್ ಇದು, ಬಹಳಷ್ಟು ಕೀಬೋರ್ಡುಗಳಲ್ಲಿ ಮೂರು ನಾಲ್ಕು ಕರ್ವ್ ಇರುತ್ತವೆ. ಬದಲಿಸಿದರೂ ಸರಿಹೋಗದಿದ್ದರೆ ಅದನ್ನು ಬಿಟ್ಟುಬಿಡಿ.

ಆಫ್ಟರ್‌ಟಚ್ ಬಗ್ಗೆ ಒಂದಿಷ್ಟು. ಕೀ ತಳ ಮುಟ್ಟಿದ ಮೇಲೆ ಇನ್ನೂ ಅದುಮಿದರೆ ಆ ಒತ್ತಡವನ್ನೂ ಅಳೆದು ಕಳಿಸುವುದು ಇದು. ಅದುಮಿದಷ್ಟೂ ಪಿಟೀಲಿನ ಸ್ವರ ಕಂಪಿಸುವಂತೆ, ಸಿಂಥ್‌ನ ದನಿ ತೆರೆದುಕೊಳ್ಳುವಂತೆ ಮಾಡಬಹುದು. ಸಾಮಾನ್ಯವಾಗಿ ಸಿಗುವುದು ಚಾನೆಲ್ ಆಫ್ಟರ್‌ಟಚ್, ಯಾವ ಕೀ ಅದುಮಿದರೂ ಹಿಡಿದಿರುವ ಎಲ್ಲ ಸ್ವರಕ್ಕೂ ತಾಗುತ್ತದೆ. ಒಂದೊಂದು ಕೀಗೂ ಬೇರೆ ಬೇರೆಯಾಗಿ ತಿಳಿಯುವುದು ಪಾಲಿಫೋನಿಕ್, ಅದು ಅಪರೂಪ, ದುಬಾರಿ. ಇನ್ನೂ ಮುಂದೆ ಹೋದರೆ ಎಂಪಿಇ. ಒಂದೊಂದು ಬೆರಳೂ ತನ್ನ ಸ್ವರವನ್ನು ಬೇರೆಯಾಗಿ ಜಾರಿಸಬಹುದು, ಗಮಕ ಕೊಡಬಹುದು. 2018ರಲ್ಲಿ ಇದು ಮಿಡಿಯ ಅಧಿಕೃತ ಭಾಗವಾಯಿತು. ರೋಲಿ ಸೀಬೋರ್ಡ್‌ನಂಥ ಮೆತ್ತನೆಯ ವಾದ್ಯಗಳು ಇದಕ್ಕಾಗಿಯೇ ಇವೆ. ಕೇಳುವುದಕ್ಕೆ ತುಂಬ ಚೆನ್ನಾಗಿರುತ್ತದೆ, ಆದರೆ ನಿಮ್ಮ ಸಾಫ್ಟ್‌ವೇರ್ ವಾದ್ಯಕ್ಕೂ ಎಂಪಿಇ ಬರಬೇಕು, ಬೆರಳಿಗೂ ಹೊಸದಾಗಿ ಕಲಿಸಬೇಕು. ಮೊದಲ ಕೀಬೋರ್ಡಿಗೆ ನಾನು ಆಫ್ಟರ್‌ಟಚ್ ಇದ್ದರೆ ಸಂತೋಷ ಅನ್ನುತ್ತೇನೆ, ಅದಕ್ಕಾಗಿ ಕೀಗಳ ಗುಣ ಬಿಟ್ಟುಕೊಡಬೇಡಿ.

ನಾಲ್ಕನೇ ಹೆಜ್ಜೆ: ಪ್ಯಾಡ್, ನಾಬ್, ಫೇಡರ್ ಮತ್ತು ನಿಮ್ಮ ಸಾಫ್ಟ್‌ವೇರ್

ಪ್ಯಾಡ್ ಅಂದರೆ ಬೆರಳಲ್ಲಿ ಬಾರಿಸುವ ಚೌಕ, ನಾಬ್ ಅಂದರೆ ತಿರುಗಿಸುವ ಗುಂಡಿ, ಫೇಡರ್ ಅಂದರೆ ಮೇಲೆ ಕೆಳಗೆ ಸರಿಸುವ ಗುಂಡಿ. ಇಲ್ಲಿ ಕಣ್ಣು ಮೋಸಹೋಗುತ್ತದೆ. ಒಂಬತ್ತು ಫೇಡರ್, ಹದಿನಾರು ಪ್ಯಾಡ್, ಬಣ್ಣ ಬಣ್ಣದ ದೀಪ ನೋಡಿದರೆ ಸ್ಟುಡಿಯೋ ಮನೆಗೆ ಬಂದ ಹಾಗನ್ನಿಸುತ್ತದೆ. ಒಂದೇ ಹಣದಲ್ಲಿ ಎರಡು ಕೀಬೋರ್ಡ್ ಇದ್ದರೆ, ಒಂದರಲ್ಲಿ ಬರೀ ಕೀ, ಇನ್ನೊಂದರಲ್ಲಿ ಇದೆಲ್ಲ, ಆಗ ಹಣ ಎಲ್ಲಿ ಉಳಿಸಿರುತ್ತಾರೆ ಯೋಚಿಸಿ. ಎಂ-ಆಡಿಯೋ ಕೀಸ್ಟೇಶನ್‌ನಂಥವು ಪ್ಯಾಡ್ ಇಲ್ಲದೆ, ಕೀಗಳಿಗೇ ಗಮನ ಕೊಟ್ಟು ಮಾಡಿದವು. ನುಡಿಸುವವರಿಗೆ ಅಂಥವು ಯಾವತ್ತೂ ಒಳ್ಳೆಯ ಆಯ್ಕೆ.

ಪ್ಯಾಡ್ ಬೇಕಾ ಅಂದರೆ, ಬೀಟ್ ಮಾಡುವವರಿಗೆ ಬೇಕು. ಡ್ರಮ್ಸನ್ನು ಕೀಯಲ್ಲೂ ಬಾರಿಸಬಹುದು, ಆದರೆ ಪ್ಯಾಡಿನ ಮೇಲೆ ಎರಡು ಕೈ ಬೆರಳು ಓಡಿಸುವ ಸುಖವೇ ಬೇರೆ. ಪ್ಯಾಡಿನ ಮೂಲೆಯಲ್ಲಿ ಹೊಡೆದು ನೋಡಿ, ಮಧ್ಯದಷ್ಟೇ ಚೆನ್ನಾಗಿ ತಿಳಿಯಬೇಕು.

ನಾಬ್‌ಗಳಲ್ಲಿ ಎರಡು ಜಾತಿ. ಒಂದು ಎರಡೂ ತುದಿಯಲ್ಲಿ ನಿಲ್ಲುವುದು, ಇನ್ನೊಂದು ಕೊನೆಯೇ ಇಲ್ಲದೆ ತಿರುಗುವ ಎನ್‌ಕೋಡರ್. ಮೊದಲನೆಯದರಲ್ಲಿ ಒಂದು ತೊಂದರೆ ಇದೆ: ಪರದೆಯಲ್ಲಿ ವಾಲ್ಯೂಮ್ 100ರಲ್ಲಿದ್ದು ನಾಬ್ 20ರಲ್ಲಿದ್ದರೆ, ಮುಟ್ಟಿದ ತಕ್ಷಣ ವಾಲ್ಯೂಮ್ ಧೊಪ್ಪನೆ 20ಕ್ಕೆ ಬೀಳುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ‘ಪಿಕಪ್’ ಅಂತ ಆಯ್ಕೆ ಇರುತ್ತದೆ. ನಾಬ್ ಆ ಅಂಕಿಯನ್ನು ದಾಟುವವರೆಗೆ ಏನೂ ಆಗುವುದಿಲ್ಲ. ಎನ್‌ಕೋಡರಿಗೆ ಈ ತಲೆನೋವೇ ಇಲ್ಲ, ಸಿಕ್ಕರೆ ಅದನ್ನೇ ತಗೊಳ್ಳಿ. ಎಂಟು ನಾಬ್ ಧಾರಾಳ ಸಾಕು.

ನಾಬ್‌ಗಿಂತ ನನಗೆ ಮುಖ್ಯ ಅನ್ನಿಸುವುದು ಪ್ಲೇ, ಸ್ಟಾಪ್, ರೆಕಾರ್ಡ್, ಲೂಪ್ ಗುಂಡಿಗಳು. ಕೀ ಮೇಲಿನ ಕೈಯನ್ನು ಮೌಸಿಗೆ ಒಯ್ಯದೆ ಹತ್ತು ಸಲ ಮತ್ತೆ ಮತ್ತೆ ರೆಕಾರ್ಡ್ ಮಾಡುವುದು ಎಷ್ಟು ಹಗುರ ಅನ್ನುವುದು ಮಾಡಿದವರಿಗೇ ಗೊತ್ತು.

ಆದರೆ ಈ ಗುಂಡಿಗಳು ನಿಮ್ಮ ಸಾಫ್ಟ್‌ವೇರ್ ಜೊತೆ ಮಾತಾಡಬೇಕು. ಕೀಗಳು ಯಾವ ಸಾಫ್ಟ್‌ವೇರ್‌ನಲ್ಲೂ ತಕ್ಷಣ ಕೆಲಸ ಮಾಡುತ್ತವೆ, ಗುಂಡಿಗಳು ಮಾಡುವುದಿಲ್ಲ. ನೊವೇಶನ್ ಲಾಂಚ್‌ಕೀ ಏಬಲ್ಟನ್ ಲೈವ್ ಅನ್ನುವ ಸಾಫ್ಟ್‌ವೇರ್ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ, ಪ್ಯಾಡ್‌ಗಳಲ್ಲೇ ಕ್ಲಿಪ್ (ಸಂಗೀತದ ತುಣುಕು) ಶುರುಮಾಡಬಹುದು. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನವರ ಕಂಟ್ರೋಲ್ ಎಸ್ ಸಾಲು ಅವರದೇ ವಾದ್ಯಗಳಿಗೆ ಹೇಳಿ ಮಾಡಿಸಿದ್ದು. ನೆಕ್ಟಾರ್‌ನವರು ಹಲವು ಸಾಫ್ಟ್‌ವೇರ್‌ಗಳಿಗೆ ಜೋಡಣೆಯ ಫೈಲ್ ಕೊಡುತ್ತಾರೆ. ಮ್ಯಾಕಿ ಕಂಟ್ರೋಲ್ ಅನ್ನುವ ಹಳೆಯ ಪದ್ಧತಿ ಇದ್ದರೆ ಲಾಜಿಕ್, ಕ್ಯೂಬೇಸ್, ರೀಪರ್ ಹೀಗೆ ಹೆಚ್ಚಿನವುಗಳಲ್ಲಿ ಪ್ಲೇ, ಫೇಡರ್‌ಗಳಾದರೂ ನಡೆಯುತ್ತವೆ. ಕೊಳ್ಳುವ ಮುಂಚೆ ಕಂಪನಿಯ ಪುಟದಲ್ಲಿ ನಿಮ್ಮ ಸಾಫ್ಟ್‌ವೇರಿನ ಹೆಸರು, ನಿಮ್ಮ ಆವೃತ್ತಿ ಎರಡೂ ಇವೆಯಾ ನೋಡಿ. ಇಲ್ಲದಿದ್ದರೆ ಮಿಡಿ ಲರ್ನ್ ಬಳಸಿ ಒಂದೊಂದನ್ನೇ ನೀವೇ ಜೋಡಿಸಬೇಕಾಗುತ್ತದೆ. ಅದೇನು ಕಷ್ಟವಲ್ಲ, ಆದರೆ ಒಂದು ಸಂಜೆ ಹೋಗುತ್ತದೆ.

ಕಾರ್ಡನ್ನು ಬಿಡಿ ಬಿಡಿ ಸ್ವರಗಳಾಗಿ ತಾನೇ ನುಡಿಸುವ ಆರ್ಪೆಜಿಯೇಟರ್, ಆರಿಸಿದ ಸ್ವರಗಳನ್ನಷ್ಟೇ ಬಿಡುವ ಸ್ಕೇಲ್ ಮೋಡ್, ಒಂದೇ ಕೀಗೆ ಪೂರ್ತಿ ಕಾರ್ಡ್ ಕೊಡುವ ಕಾರ್ಡ್ ಮೋಡ್ ಇವುಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಇಂಥವನ್ನು ಹೆಚ್ಚಿನ ಸಾಫ್ಟ್‌ವೇರ್ ತಾನೇ ಮಾಡುತ್ತದೆ.

ಐದನೇ ಹೆಜ್ಜೆ: ಚಕ್ರ ಮತ್ತು ಪೆಡಲ್

ಎಡಗೈ ಹತ್ತಿರ ಎರಡು ಚಕ್ರ. ಪಿಚ್ ಬೆಂಡ್ ಚಕ್ರ ಸ್ವರವನ್ನು ಜಾರಿಸುತ್ತದೆ, ಕೈ ಬಿಟ್ಟರೆ ತಾನಾಗಿ ನಡುವಿಗೆ ಬರುತ್ತದೆ. ಮಾಡ್ಯುಲೇಶನ್ ಚಕ್ರ ಸ್ವರಕ್ಕೆ ಕಂಪನದಂಥ ಬದಲಾವಣೆ ಕೊಡುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಉಳಿದ ನಾಬ್‌ಗಳಿಗೆ 128 ಮೆಟ್ಟಿಲಾದರೆ ಪಿಚ್ ಬೆಂಡಿಗೆ ಮಿಡಿಯಲ್ಲಿ 16,384 ಮೆಟ್ಟಿಲು ಇಟ್ಟಿದ್ದಾರೆ, ಏಕೆಂದರೆ ಸ್ವರ ತುಂಡಾಗಿ ಜಾರಿದರೆ ಕಿವಿಗೆ ಕೂಡಲೇ ತಿಳಿಯುತ್ತದೆ. ಚಿಕ್ಕ ಕೀಬೋರ್ಡುಗಳಲ್ಲಿ ಚಕ್ರದ ಬದಲು ಬೆರಳು ಸವರುವ ಪಟ್ಟಿಯೋ, ಎಂಪಿಕೆ ಮಿನಿಯಲ್ಲಿರುವಂತೆ ಒಂದು ಕೋಲೋ ಇರುತ್ತದೆ. ಗಮಕ ಬೇಕು, ಕೊಳಲು ಪಿಟೀಲುಗಳನ್ನು ಜೀವಂತವಾಗಿ ನುಡಿಸಬೇಕು ಅನ್ನುವವರು ಚಕ್ರ ಇರುವುದನ್ನೇ ಹುಡುಕಿ. ಪಟ್ಟಿಯ ಮೇಲೆ ಸ್ವರದಿಂದ ಸ್ವರಕ್ಕೆ ನಿಖರವಾಗಿ ಹೋಗಿ ನಿಲ್ಲುವುದು ಕಷ್ಟ. ಸಾಫ್ಟ್‌ವೇರ್ ವಾದ್ಯದಲ್ಲಿ ಬೆಂಡ್ ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಸೆಮಿಟೋನಿಗೆ (ಒಂದು ಸೆಮಿಟೋನ್ ಅಂದರೆ ಪಕ್ಕಪಕ್ಕದ ಎರಡು ಕೀಗಳ ಅಂತರ) ಇರುತ್ತದೆ, ಬೇಕಾದರೆ ಜಾಸ್ತಿ ಮಾಡಿಕೊಳ್ಳಬಹುದು.

ಪೆಡಲ್ ಕಿಂಡಿ ಇದೆಯಾ ಅಂತ ಖಂಡಿತ ನೋಡಿ. ಕಾಲಲ್ಲಿ ಒತ್ತಿದರೆ ಸ್ವರವನ್ನು ಉಳಿಸಿಕೊಳ್ಳುವ ಸಸ್ಟೇನ್ ಪೆಡಲ್ ಇಲ್ಲದೆ ಪಿಯಾನೋ ನುಡಿಸಿದರೆ ಒಣ ಒಣ ಅನ್ನಿಸುತ್ತದೆ. ತೀರಾ ಚಿಕ್ಕ ಕೆಲವು ಕೀಬೋರ್ಡುಗಳಲ್ಲಿ ಈ ಕಿಂಡಿಯೇ ಇರುವುದಿಲ್ಲ. ಪೆಡಲ್ ತಂದ ಮೇಲೆ ಒತ್ತಿದಾಗ ಸ್ವರ ನಿಂತುಹೋಗಿ, ಬಿಟ್ಟಾಗ ಉಳಿಯುತ್ತಿದ್ದರೆ ಅದು ಕೆಟ್ಟಿಲ್ಲ. ಪೆಡಲ್‌ಗಳಲ್ಲಿ ಎರಡು ರೀತಿಯ ಜೋಡಣೆ ಇದೆ, ಒಂದಕ್ಕೊಂದು ತಿರುವು ಮುರುವು. ಪೆಡಲಿನ ಅಡಿಯಲ್ಲಿ ಚಿಕ್ಕ ಸ್ವಿಚ್ ಇದ್ದರೆ ಅದನ್ನು ಬದಲಿಸಿ. ಇಲ್ಲದಿದ್ದರೆ ಪೆಡಲ್ ಸಿಕ್ಕಿಸಿ, ಕಾಲಲ್ಲಿ ಮುಟ್ಟದೆ ಕೀಬೋರ್ಡನ್ನು ಆಫ್ ಮಾಡಿ ಆನ್ ಮಾಡಿ. ಎಷ್ಟೋ ಕೀಬೋರ್ಡುಗಳು ಆನ್ ಆಗುವಾಗ ಪೆಡಲ್ ಹೇಗಿದೆಯೋ ಅದನ್ನೇ ‘ಬಿಟ್ಟಿದ್ದಾರೆ’ ಅಂತ ತಿಳಿದುಕೊಳ್ಳುತ್ತವೆ.

ಆರನೇ ಹೆಜ್ಜೆ: ಕೇಬಲ್, ಕರೆಂಟು, ಕಿಂಡಿಗಳು

ಈಗಿನ ಹೆಚ್ಚಿನ ಕೀಬೋರ್ಡುಗಳು ಯುಎಸ್‌ಬಿ ಕೇಬಲ್‌ನಿಂದಲೇ ಕರೆಂಟು ತೆಗೆದುಕೊಳ್ಳುತ್ತವೆ. ‘ಕ್ಲಾಸ್ ಕಂಪ್ಲಾಯಂಟ್’ ಅಂತ ಬರೆದಿದ್ದರೆ ಡ್ರೈವರ್ ಹಾಕದೆ ವಿಂಡೋಸ್, ಮ್ಯಾಕ್, ಐಪ್ಯಾಡ್ ಎಲ್ಲದರಲ್ಲೂ ನಡೆಯುತ್ತದೆ. ಈ ಎರಡು ಪದ ಹುಡುಕಿ ಓದಿ, ಅದರಲ್ಲೂ ಹಳೆಯದನ್ನು ಕೊಳ್ಳುವಾಗ. ಸ್ವಂತ ಡ್ರೈವರ್ ಬೇಕಿದ್ದ ಹಳೆಯ ಕೀಬೋರ್ಡಿಗೆ ಕಂಪನಿಯವರು ಹೊಸ ಡ್ರೈವರ್ ಬಿಡುವುದನ್ನು ನಿಲ್ಲಿಸಿದ್ದರೆ, ಕೀಗಳು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಹೊಸ ಕಂಪ್ಯೂಟರಿಗೆ ಅದು ಕಾಣಿಸುವುದಿಲ್ಲ.

ಕಂಪ್ಯೂಟರಿಗೆ ಕೀಬೋರ್ಡ್ ಕಾಣಿಸುತ್ತಿಲ್ಲ, ಆದರೆ ದೀಪ ಹತ್ತುತ್ತದೆ ಅಂದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜ್ ಮಾಡುವ ಕೇಬಲ್‌ಗಳಲ್ಲಿ ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಆಮೇಲೆ ಹಬ್ ತೆಗೆದು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ಹಳೆಯ ಸಿಂಥ್ ಇದ್ದವರು ಐದು ತೂತಿನ ಮಿಡಿ ಕಿಂಡಿಯನ್ನೂ ನೋಡಿಕೊಳ್ಳಿ. ಬ್ಲೂಟೂತ್ ಇದ್ದರೆ ಸೋಫಾದಲ್ಲಿ ಕೂತು ರಾಗ ಹುಡುಕಲು ಸರಿ, ರೆಕಾರ್ಡ್ ಮಾಡುವಾಗ ಕೇಬಲ್ಲೇ ನಂಬಿಕೆಯದು.

2020ರಲ್ಲಿ ಮಿಡಿ 2.0 ಬಂತು, ಅದು ಎಲ್ಲ ಕಡೆ ಹಬ್ಬುವವರೆಗೆ ಕಾಯಬೇಕಾ ಅಂತ ಕೆಲವರು ಕೇಳುತ್ತಾರೆ. ಕಾಯಬೇಡಿ. ಹಳೆಯದರ ಜೊತೆಗೂ ನಡೆಯುವ ಹಾಗೇ ಅದನ್ನು ಮಾಡಿದ್ದಾರೆ.

ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದೊಂದೇ ಕಾರಣಕ್ಕೆ ಒಳ್ಳೆಯ ಕೀಬೋರ್ಡನ್ನು ವಾಪಸ್ ಕೊಟ್ಟವರನ್ನು ನೋಡಿದ್ದೇನೆ. ಕೀ ಒತ್ತಿ, ಸ್ವಲ್ಪ ಹೊತ್ತಾದ ಮೇಲೆ ಸ್ವರ ಕೇಳಿಸಿದರೆ ತಪ್ಪು ಹೆಚ್ಚಾಗಿ ಕೀಬೋರ್ಡಿನದಲ್ಲ. ಹಳೆಯ ಮಿಡಿ ಕೇಬಲ್‌ನಲ್ಲೂ ಒಂದು ಸ್ವರದ ಸುದ್ದಿ ಹೋಗಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ತಡ ಆಗುವುದು ಕಂಪ್ಯೂಟರ್ ಸದ್ದನ್ನು ತಯಾರು ಮಾಡಿ ಹೊರಗೆ ಕಳಿಸುವಲ್ಲಿ.

ಸಾಫ್ಟ್‌ವೇರಿನ ಆಡಿಯೋ ಸೆಟ್ಟಿಂಗ್ಸ್‌ಗೆ ಹೋಗಿ ಬಫರ್ ನೋಡಿ. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್, ಅಂದರೆ ಸದ್ದಿನ ಎಷ್ಟು ಚಿಕ್ಕ ತುಣುಕು, ತಯಾರು ಮಾಡುತ್ತದೆ ಅನ್ನುವುದು ಇದು. ಸೆಕೆಂಡಿಗೆ 44,100 ಸ್ಯಾಂಪಲ್ ವೇಗದಲ್ಲಿ 1,024ರ ಬಫರ್ ಅಂದರೆ ಸುಮಾರು 23 ಮಿಲಿಸೆಕೆಂಡ್, ಅದರ ಮೇಲೆ ಇನ್ನಷ್ಟು ಸೇರುತ್ತದೆ, ಬೆರಳಿಗೆ ಗೊತ್ತಾಗುತ್ತದೆ. 256 ಅಂದರೆ ಸುಮಾರು 6. 128 ಅಂದರೆ ಸುಮಾರು 3. ನುಡಿಸಿ ರೆಕಾರ್ಡ್ ಮಾಡುವಾಗ 128 ಇಲ್ಲವೇ 256ಕ್ಕೆ ಇಳಿಸಿ. ಆಗ ಪಟಪಟ ಅಂತ ಸದ್ದು ಒಡೆದರೆ ಒಂದು ಮೆಟ್ಟಿಲು ಏರಿಸಿ. ಮಿಕ್ಸ್ ಮಾಡುವಾಗ ಮತ್ತೆ 1,024ಕ್ಕೆ ಹೋದರೂ ನಡೆಯುತ್ತದೆ. ವಿಂಡೋಸ್‌ನಲ್ಲಿದ್ದರೆ ತಡ ಕಡಿಮೆ ಮಾಡುವ ಏಸಿಯೋ ಡ್ರೈವರ್ ಆರಿಸಿ, ಆಡಿಯೋ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಅದರ ಜೊತೆ ಬಂದದ್ದನ್ನೇ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸುವುದಂತೂ ಬೇಡವೇ ಬೇಡ. ಯಾವ ಸೆಟ್ಟಿಂಗೂ ಆ ತಡವನ್ನು ಸರಿಮಾಡುವುದಿಲ್ಲ.

ಜೊತೆಗೆ ಬರುವ ಸಾಫ್ಟ್‌ವೇರ್, ಮತ್ತು ಬಳಸಿದ್ದನ್ನು ಕೊಳ್ಳುವುದು

ಬಹಳ ಕೀಬೋರ್ಡುಗಳ ಜೊತೆ ಏಬಲ್ಟನ್ ಲೈವ್ ಲೈಟ್ ಬರುತ್ತದೆ, ಆರ್ಟೂರಿಯಾದವುಗಳ ಜೊತೆ ಅವರ ಅನಲಾಗ್ ಲ್ಯಾಬ್ ಅನ್ನುವ ವಾದ್ಯದ ಸಾಫ್ಟ್‌ವೇರಿನ ಚಿಕ್ಕ ಆವೃತ್ತಿ. ಹೊಸದಾಗಿ ಶುರುಮಾಡುವವರಿಗೆ ಇದು ನಿಜವಾದ ಲಾಭ. ಈಗಾಗಲೇ ಸಾಫ್ಟ್‌ವೇರ್ ಇದ್ದವರು ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಳಸಿದ ಕೀಬೋರ್ಡ್ ಕೊಳ್ಳುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಕೀ ಸಿಗುತ್ತದೆ. ಆದರೆ ಲ್ಯಾಪ್‌ಟಾಪ್ ತಗೊಂಡೇ ಹೋಗಿ. ಎಲ್ಲ ಕೀಗಳನ್ನೂ ಮೂರು ಮೂರು ಸಲ ಒತ್ತಿ: ಮೆಲ್ಲಗೆ, ಮಧ್ಯಮ, ಜೋರು. ಒಂದು ಕೀ ಮಾತ್ರ ಯಾವಾಗಲೂ 127 ಕಳಿಸುತ್ತಿದ್ದರೆ ಒಳಗಿನ ಸಂಪರ್ಕ ಕೊಳೆಯಾಗಿದೆ ಇಲ್ಲವೇ ಸವೆದಿದೆ. ಪಿಚ್ ಚಕ್ರ ತಿರುಗಿಸಿ ಬಿಟ್ಟು, ಸರಿಯಾಗಿ ಸೊನ್ನೆಗೆ ಬರುತ್ತದಾ ನೋಡಿ. ಬರದಿದ್ದರೆ ನಿಮ್ಮ ಹಾಡೆಲ್ಲ ಸ್ವಲ್ಪ ಶ್ರುತಿ ತಪ್ಪಿರುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ. ನಾಬ್ ಮುಟ್ಟದಿದ್ದರೂ ಅಂಕಿ ತಾನಾಗಿ ಕುಣಿಯುತ್ತಿದೆಯಾ ನೋಡಿ. ಯುಎಸ್‌ಬಿ ಕೇಬಲ್ ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸಿ. ಜೊತೆಗೆ ಬಂದ ಸಾಫ್ಟ್‌ವೇರಿನ ಲೈಸೆನ್ಸನ್ನು ಮೊದಲಿನವರು ತಮ್ಮ ಹೆಸರಿಗೆ ಮಾಡಿಕೊಂಡಿರುತ್ತಾರೆ, ಅದು ನಿಮಗೆ ಸಿಗುತ್ತದೆ ಅಂದುಕೊಂಡು ಹಣ ಕೊಡಬೇಡಿ.

ಮನೆಗೆ ತಂದ ಮೊದಲ ದಿನ

ಕೇಬಲ್ ಸಿಕ್ಕಿಸಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ. ಕೆಲವು ಸಾಫ್ಟ್‌ವೇರ್‌ಗಳು ತಾವು ತೆರೆದ ಮೇಲೆ ಸಿಕ್ಕಿಸಿದ ಕೀಬೋರ್ಡನ್ನು ಗುರುತಿಸುವುದಿಲ್ಲ. ಮಿಡಿ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡಿನ ಹೆಸರು ಆನ್ ಮಾಡಿ. ಒಂದು ಟ್ರ್ಯಾಕ್ ಮಾಡಿ, ಅದರಲ್ಲಿ ವಾದ್ಯ ಹಾಕಿ, ಟ್ರ್ಯಾಕಿನ ರೆಕಾರ್ಡ್ ಗುಂಡಿ ಕೆಂಪಗೆ ಮಾಡಿ. ಸದ್ದು ಬರದಿದ್ದರೆ ಹೆಚ್ಚಾಗಿ ಈ ಕೊನೆಯದೇ ಬಿಟ್ಟುಹೋಗಿರುತ್ತದೆ.

ನಡುವಿನ ಸಿ ಸ್ವರಕ್ಕೆ ಮಿಡಿಯಲ್ಲಿ ನಂಬರು 60. ಅದನ್ನು ಒಂದು ಸಾಫ್ಟ್‌ವೇರ್ ಸಿ3 ಅಂತ ತೋರಿಸಬಹುದು, ಇನ್ನೊಂದು ಸಿ4 ಅಂತ. ಗಾಬರಿಯಾಗಬೇಡಿ, ಸ್ವರ ಒಂದೇ, ಹೆಸರಿಡುವ ಪದ್ಧತಿ ಬೇರೆ.

ಮೊದಲ ವಾರ ನಾಬ್, ಪ್ಯಾಡ್ ಯಾವುದನ್ನೂ ಜೋಡಿಸಲು ಹೋಗಬೇಡಿ. ಒಂದೇ ಪಿಯಾನೋ ದನಿ ತೆರೆದು ದಿನಾ ಸ್ವಲ್ಪ ಹೊತ್ತು ನುಡಿಸಿ. ಮೂರ್ನಾಲ್ಕು ದಿನದಲ್ಲಿ ಬೆರಳಿಗೆ ಕೀ ಅರ್ಥವಾಗುತ್ತದೆ. ಆಗ ವೆಲಾಸಿಟಿ ಕರ್ವ್‌ಗಳನ್ನು ಒಂದೊಂದಾಗಿ ಬದಲಿಸಿ, ಅದೇ ನಾಲ್ಕು ಸಾಲಿನ ರಾಗವನ್ನು ಪ್ರತಿಯೊಂದರಲ್ಲೂ ರೆಕಾರ್ಡ್ ಮಾಡಿ ಕೇಳಿ. ಯಾವುದರಲ್ಲಿ ಮೆಲ್ಲನೆಯ ಸ್ವರ ನೀವು ಅಂದುಕೊಂಡಷ್ಟೇ ಮೆಲ್ಲಗೆ ಬಂದಿದೆಯೋ ಅದನ್ನು ಇಟ್ಟುಕೊಳ್ಳಿ. ಯಾವುದರಲ್ಲೂ ಬರದಿದ್ದರೆ, ವಾಪಸ್ ಕೊಡುವ ದಿನ ದಾಟುವ ಮೊದಲೇ ಪೆಟ್ಟಿಗೆಗೆ ಹಾಕಿ ಕೊಟ್ಟುಬಿಡಿ.